ನೆಲ ಓರೆ, ನೀರು ಮಟ್ಟ

ಮೀನು ಸಾಕುವ ಗಾಜಿನ ತೊಟ್ಟಿ ಮನೆಗೆ ಬರುವಾಗ ಎಲ್ಲರ ಗಮನವೂ ಮೀನಿನ ಮೇಲೆಯೇ. ಯಾವ ಬಣ್ಣದ್ದು, ಏನು ತಿನ್ನುತ್ತದೆ, ಎಷ್ಟು ದಿನ ಬದುಕುತ್ತದೆ ಎಂದು ಕೇಳುವವರೇ ಹೆಚ್ಚು. ತೊಟ್ಟಿ ನಿಲ್ಲುವ ನೆಲ ಹೇಗಿದೆ ಎಂದು ಕೇಳುವವರು ಕಡಿಮೆ.

ಗೋಕಾಕ ಸೀಮೆಯ ಅಂಕಲಗಿಯಲ್ಲಿ ಒಂದು ಹಳೆಯ ಮನೆಯನ್ನು ಕಲ್ಪಿಸಿಕೊಳ್ಳಿ. ಪಡಸಾಲೆಗೆ ಶಹಾಬಾದ ಫರಸಿ ಹಾಸಿದೆ. ಹತ್ತನೆಯ ತರಗತಿಯ ಹುಡುಗ ಹಟ ಹಿಡಿದು ಮೂರು ಅಡಿ ಉದ್ದದ ತೊಟ್ಟಿ ತರಿಸಿದ್ದಾನೆ. ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿದರೆ ಒಂದು ಕಾಲು ನೆಲ ಮುಟ್ಟುತ್ತಿಲ್ಲ. ತಂದೆ ಹಳೆಯ ಪತ್ರಿಕೆ ಮಡಚಿ ಕಾಲಡಿ ತುರುಕಲು ಹೊರಟಾಗ ಪಕ್ಕದ ಮನೆಯ ಹಿರಿಯ ಗೌಂಡಿ ತಡೆಯುತ್ತಾರೆ.

“ಪೇಪರ್ ಬ್ಯಾಡ್ರಿ. ಹಸಿ ತಾಗಿದ್ರ ಅದು ಮೆತ್ತಗಾಗಿ ಕುಂದರತೈತಿ.”

“ನೆಲಾ ಸರಿ ಹಾಸಿಲ್ಲೇನ್ರೀ ಕಾಕಾ?” ಎಂದು ಹುಡುಗನ ಪ್ರಶ್ನೆ.

“ಸರೀನ ಹಾಸೇವೋ ತಮ್ಮಾ. ನಿಮ್ಮವ್ವ ಪಡಸಾಲಿ ತೊಳದ್ರ ನೀರು ಹೊರಗ ಹರದು ಹೋಗಬೇಕೋ ಬ್ಯಾಡೋ?”

ಮಾತು ನಿಜ. ತೊಳೆಯುವ ನೆಲಕ್ಕೆ ಬೇಕೆಂದೇ ಇಳಿಜಾರು ಕೊಡುವುದು ಹಳೆಯ ರೂಢಿ. ಮೇಲಾಗಿ ಎರೆಮಣ್ಣಿನ ಮೇಲೆ ಕಟ್ಟಿದ ಮನೆಯಾದರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲಿನ ಫರಸಿಯೂ ಅಷ್ಟಿಷ್ಟು ಏರಿಳಿಯುತ್ತದೆ.

ತೂಕದ ಲೆಕ್ಕವನ್ನು ಹುಡುಗನೇ ಮಾಡಬಹುದು. ಉದ್ದ 90, ಅಗಲ 40, ಎತ್ತರ 45 ಸೆಂಟಿಮೀಟರ್. ಗುಣಿಸಿದರೆ 1,62,000 ಘನ ಸೆಂಟಿಮೀಟರ್, ಅಂದರೆ 162 ಲೀಟರ್. ನೀರಷ್ಟೇ 162 ಕಿಲೋ. ಗಾಜು, ಮರಳು, ಕಲ್ಲು ಸೇರಿದರೆ ಹೆಚ್ಚುಕಡಿಮೆ ಎರಡು ಕ್ವಿಂಟಲ್, ನಾಲ್ಕು ಚೀಲ ಸಿಮೆಂಟಿನಷ್ಟು. ಇಷ್ಟು ಭಾರ ಮಕ್ಕಳು ಓಡಾಡುವ ಪಡಸಾಲೆಯಲ್ಲಿ ಗಾಜಿನೊಳಗೆ ನಿಲ್ಲಬೇಕು.

ನಾಲ್ಕು ಕಾಲೂ ಸಮನಾಗಿ ಊರಿದರೆ ತಲಾ 50 ಕಿಲೋ. ಒಂದು ಕಾಲು ನೆಲ ಬಿಟ್ಟರೆ ಉಳಿದ ಮೂರು ಕಾಲುಗಳು ಭಾರವನ್ನು ಹಂಚಿಕೊಳ್ಳುತ್ತವೆ ಎಂದು ತೋರುವುದು ಸಹಜ. ಹಾಗಾಗುವುದಿಲ್ಲ. ಭಾರದ ಕೇಂದ್ರವಿರುವುದು ನಡುವೆ, ಅಂದರೆ ಎರಡು ಎದುರುಮೂಲೆಗಳನ್ನು ಕೂಡಿಸುವ ಕರ್ಣದ ಮೇಲೆ. ಆದ್ದರಿಂದ ತೇಲುವ ಕಾಲಿನ ಎದುರಿನದೂ ಕೆಲಸವಿಲ್ಲದೆ ನಿಲ್ಲುತ್ತದೆ. ಉಳಿದ ಎರಡು ಕಾಲುಗಳ ಮೇಲೆ ನೂರು ನೂರು ಕಿಲೋ ಬೀಳುತ್ತದೆ. ಸ್ಟ್ಯಾಂಡು ಭಾರಕ್ಕೆ ತಿರುಚಿಕೊಂಡು ತೇಲುವ ಮೂಲೆ ಕೆಳಗಿಳಿಯುತ್ತದೆ. ಕಬ್ಬಿಣ ತಿರುಚಿಕೊಂಡರೂ ತಾಳುತ್ತದೆ, ಅದರ ಮೇಲೆ ಕೂತ ಗಾಜು ತಾಳುವುದಿಲ್ಲ. ತಳದ ಗಾಜು ಸೀಳಬಹುದು, ಮೂಲೆಯ ಸಿಲಿಕೋನ್ ಬೆಸುಗೆ ಬಿಡಬಹುದು.

ಹಾಗೆ ನೋಡಿದರೆ ಬರೀ ಓರೆ ಇಷ್ಟು ಅಪಾಯದ್ದಲ್ಲ. ಉದ್ದಕ್ಕೆ ಒಂದು ಸೆಂಟಿಮೀಟರ್ ವಾಲಿದರೆ ಒಂದು ತುದಿಯಲ್ಲಿ ನೀರು ಅಷ್ಟೇ ಹೆಚ್ಚು ಆಳ. 45ರಲ್ಲಿ ಒಂದು ಪಾಲು ಒತ್ತಡ ಏರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ. ಮುಂದಕ್ಕೆ ವಾಲಿದ್ದರೆ ಮಾತ್ರ ಸುಮ್ಮನಿರಬಾರದು, ಮಗುವೊಂದು ಹಿಡಿದು ಜಗ್ಗಿದರೆ ಮಗುಚಿ ಬೀಳುವ ದಿಕ್ಕು ಅದು. ನಿಜವಾದ ವೈರಿ ತಿರುಚು.

ಮೂರು ಗುಂಡಿನ ಒಲೆ ಎಂಥ ಅಂಗಳದಲ್ಲೂ ಅಲುಗದು. ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ ಎಂದು ರೇಖಾಗಣಿತದಲ್ಲಿ ಓದುವುದು ಇದನ್ನೇ. ನಾಲ್ಕನೆಯ ಬಿಂದು ಆ ಸಮತಲಕ್ಕೆ ತಾನಾಗಿ ಬರುವುದಿಲ್ಲ, ಅದನ್ನು ತರಬೇಕು.

ತರುವುದು ಹೇಗೆ? ಕಣ್ಣಳತೆ ಸಾಲದು. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ದಂಡೆಯಲ್ಲಿ ನಿಂತವರಿಗೆ ಇಳಿಜಾರು ಕಾಣುವುದಿಲ್ಲ, ನೀರು ಮಾತ್ರ ಅದನ್ನು ಕಂಡುಕೊಂಡು ಹರಿಯುತ್ತದೆ. ಗೌಂಡಿಗಳ ರಸಮಟ್ಟ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಬಕೆಟ್ ಮತ್ತು ಐದಾರು ಅಡಿ ಪಾರದರ್ಶಕ ಪೈಪು ಸಾಕು. ಬಕೆಟ್ಟಿಗೆ ನೀರು ತುಂಬಿ ಪೈಪಿನ ಒಂದು ತುದಿಯನ್ನು ಅದರಲ್ಲಿ ಮುಳುಗಿಸಿ. ಪೈಪಿನಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಇನ್ನೊಂದು ತುದಿಯನ್ನು ಮೇಲೆತ್ತಿ ಹಿಡಿಯಿರಿ. ಅಲ್ಲಿನ ನೀರು ಬಕೆಟ್ಟಿನ ನೀರಿನ ಮಟ್ಟಕ್ಕೇ ನಿಲ್ಲುತ್ತದೆ. ಸ್ಟ್ಯಾಂಡು ಸರಿಸಿ, ಅದರ ಕಾಲು ಬರುವ ನಾಲ್ಕೂ ಜಾಗಗಳಲ್ಲಿ ನೆಲದಿಂದ ಆ ನೀರಿನವರೆಗೆ ಅಳೆಯಿರಿ. 30.0, 30.4, 31.1, 30.6 ಸೆಂಟಿಮೀಟರ್ ಬಂತೆನ್ನಿ. ಕಡಿಮೆ ಅಳತೆ ಬಂದಲ್ಲಿ ನೆಲ ಎತ್ತರ. ಅದನ್ನು ಮುಟ್ಟದೆ ಉಳಿದ ಮೂರಕ್ಕೆ 4, 11, 6 ಮಿಲಿಮೀಟರ್ ಒತ್ತು ಕೊಡಬೇಕು.

ಒತ್ತಿಗೆ ರಟ್ಟು ಬೇಡ, ಮೆತ್ತನೆಯ ಕಟ್ಟಿಗೆಯೂ ಬೇಡ. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಕಬ್ಬಿಣದ ತಗಡಿನ ತುಂಡುಗಳು ಸಾಕು. ಕಾಲಿಗೆ ನಟ್ ಬೆಸೆಸಿ ಬೋಲ್ಟ್ ಹಾಕಿಸಿದರೆ ತಿರುಗಿಸಿ ಏರಿಸಿ ಇಳಿಸಬಹುದು. ತುಸು ಖರ್ಚಾದರೂ ಇದೇ ಮೇಲು. ಬೋಲ್ಟಿನಡಿ ಅಗಲವಾದ ತಗಡಿರಲಿ. ಫರಸಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಡಬ್ ಡಬ್ ಎಂದರೆ ಕೆಳಗೆ ಪೊಳ್ಳಿದೆ, ಬೇರೆ ಜಾಗ ನೋಡುವುದು ಲೇಸು. ಒತ್ತು ಕೊಡುವುದು ಸ್ಟ್ಯಾಂಡಿನ ಕಾಲಿಗೆ, ತೊಟ್ಟಿಯ ಗಾಜಿಗಲ್ಲ. ತೊಟ್ಟಿಗೂ ಸ್ಟ್ಯಾಂಡಿನ ಹಲಗೆಗೂ ನಡುವೆ ಥರ್ಮೋಕೋಲ್ ಹಾಳೆ ಹಾಸುತ್ತಾರಲ್ಲ, ಅದು ಹಲಗೆಯ ಸಣ್ಣ ಉಬ್ಬುತಗ್ಗುಗಳಿಗೆ ಮಾತ್ರ. ನೆಲದ ಓರೆಯನ್ನು ಅದು ತಿದ್ದುವುದಿಲ್ಲ.

ಮೀನು ಬಿಡಲು ಅವಸರ ಬೇಡ. ಮೊದಲು ನಾಲ್ಕು ಬೆರಳು ನೀರು ಹಾಕಿ, ನಾಲ್ಕೂ ಮೂಲೆಯಲ್ಲಿ ಅಳೆದು, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ವ್ಯತ್ಯಾಸ ಕಂಡರೆ ನೀರು ತೆಗೆದು ಸರಿಪಡಿಸಬೇಕು. ತುಂಬಿದ ತೊಟ್ಟಿಯನ್ನು ಹಾರೆಯಿಂದ ಮೀಟಿ ಒತ್ತು ತುರುಕುವ ಸಾಹಸ ಯಾರೂ ಮಾಡಬಾರದು, ಎಷ್ಟೇ ಜನ ಕೈ ಹಚ್ಚಿದರೂ.

ಎರೆಮಣ್ಣಿನ ಮನೆಯವರು ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಗೆಯ ಕೊನೆಗೊಮ್ಮೆ ಅಳತೆಪಟ್ಟಿ ಹಿಡಿದು ಮೂಲೆಗಳ ನೀರು ನೋಡಿದರೆ ಸಾಕು. ಐದು ನಿಮಿಷದ ಕೆಲಸ, ಹುಡುಗನೇ ಮಾಡಬಲ್ಲ.