ಸಂಜೆಯ ಲೋಟಕ್ಕೊಂದು ಅಳತೆ ಬೇಕು

ಮಹಾನಗರಗಳ ಹೋಟೆಲುಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ತರಗತಿ ನಡೆಯುತ್ತಿದೆ. ಶುಲ್ಕ ಕಟ್ಟಿ ಬಂದವರು ಎರಡು ಮೂರು ಗಂಟೆ ಮೇಜಿನ ಮುಂದೆ ನಿಂತು, ಮಿಶ್ರ ಪೇಯಗಳನ್ನು ತಮ್ಮ ಕೈಯಾರೆ ತಯಾರಿಸಲು ಕಲಿಯುತ್ತಾರೆ. ಇಟಲಿಯ ‘ಅಪೆರಿಟಿವೊ’ ಪೇಯಗಳಾದ ಅಮೆರಿಕಾನೊ, ನೆಗ್ರೋನಿ, ಸ್ಪ್ರಿಟ್ಜ್‌ಗಳಿಗೆ ಇಂಥ ಪಾಠಗಳಲ್ಲಿ ವಿಶೇಷ ಸ್ಥಾನವಿದೆ. ಇದು ಉಳ್ಳವರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಅಲ್ಲಿ ಕಲಿಸುವುದೇನು ಎಂಬುದನ್ನು ಗಮನಿಸಿದರೆ, ಆ ಪಾಠದ ಅಗತ್ಯ ನಗರಕ್ಕಿಂತ ಹೆಚ್ಚಾಗಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಂಥ ತಾಲ್ಲೂಕುಗಳಿಗೇ ಇದೆಯೆಂದು ತೋರುತ್ತದೆ. ಹಳ್ಳಿಗರಿಗೆ ಕುಡಿಯಲು ಕಲಿಸಬೇಕೆಂದು ಯಾರೂ ಇದನ್ನು ಅರ್ಥೈಸಬಾರದು. ಸಂಜೆಯನ್ನು ಕಳೆಯುವುದು ಹೇಗೆ ಎಂಬ ಪ್ರಶ್ನೆಗೆ ಒಂದು ಸಮಾಜ ಕಂಡುಕೊಂಡ ಉತ್ತರದಿಂದ ನಾವು ಏನನ್ನು ಪಡೆಯಬಹುದು, ಏನನ್ನು ಬಿಡಬೇಕು ಎಂಬುದಷ್ಟೇ ಇಲ್ಲಿಯ ವಿಚಾರ.

‘ಅಪೆರಿಟಿವೊ’ ಎಂಬ ಮಾತಿನ ಮೂಲ ‘ತೆರೆ’ ಎಂಬ ಅರ್ಥದ ಲ್ಯಾಟಿನ್ ಧಾತು. ರಾತ್ರಿಯೂಟಕ್ಕೆ ಮುನ್ನ ಹಸಿವನ್ನು ತೆರೆಯುವ ಕಹಿ ಪೇಯವೆಂದು ಅದರ ಅರ್ಥ. ಇದೇ ಗುಣವನ್ನು ನಮ್ಮ ಆಯುರ್ವೇದ ‘ದೀಪನ’ ಎಂದು ಕರೆದಿದೆ. 1786ರಲ್ಲಿ ಟ್ಯೂರಿನ್ ನಗರದ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ, ದ್ರಾಕ್ಷಿಯ ಮದ್ಯಕ್ಕೆ ಗಿಡಮೂಲಿಕೆಗಳನ್ನು ಬೆರೆಸಿದ ವರ್ಮುತ್ ಅನ್ನು ಮಾರಾಟಕ್ಕೆ ತಂದ. ವರ್ಮುತ್ ಎಂಬ ಹೆಸರೇ ಆರ್ಟಿಮೀಸಿಯಾ ಕುಲದ ಒಂದು ಕಹಿ ಗಿಡದ ಜರ್ಮನ್ ಹೆಸರಿನಿಂದ ಬಂದದ್ದು. ಗಣೇಶನ ಪೂಜೆಗೆ ನಾವು ಏರಿಸುವ ಮಾಚಿಪತ್ರೆಯೂ ಅದೇ ಕುಲಕ್ಕೆ ಸೇರಿದ್ದು. 1860ರಲ್ಲಿ ನೊವಾರಾದಲ್ಲಿ ಗಾಸ್ಪರೆ ಕಂಪಾರಿ ತನ್ನ ಹೆಸರಿನ ಕೆಂಪು ಕಹಿಯನ್ನು ರೂಪಿಸಿದ. 1919ರಲ್ಲಿ ಪಾಡುವಾದಲ್ಲಿ ಅಪೆರೋಲ್ ಬಂತು. ಅದೇ ವರ್ಷ ಫ್ಲಾರೆನ್ಸಿನ ಒಂದು ಕೆಫೆಯಲ್ಲಿ ಕೌಂಟ್ ಕಮಿಲ್ಲೊ ನೆಗ್ರೋನಿ ತನ್ನ ಅಮೆರಿಕಾನೊ ಪೇಯಕ್ಕೆ ಸೋಡಾದ ಬದಲು ಜಿನ್ ಹಾಕಿಸಿಕೊಂಡನೆಂದೂ, ಅವನ ಹೆಸರೇ ಪೇಯಕ್ಕೆ ನಿಂತಿತೆಂದೂ ಪ್ರತೀತಿ.

ತರಗತಿಯಲ್ಲಿ ವಿದ್ಯಾರ್ಥಿಯ ಕೈಗೆ ಮೊದಲು ಬರುವುದು ಬಾಟಲಿಯಲ್ಲ, ಅಳತೆಯ ಪುಟ್ಟ ಬಟ್ಟಲು. ನೆಗ್ರೋನಿಗೆ ಜಿನ್, ಕಂಪಾರಿ, ಸಿಹಿ ವರ್ಮುತ್ ಮೂರೂ ಸಮ ಪಾಲು, ತಲಾ 30 ಮಿಲಿಲೀಟರ್. ಅಮೆರಿಕಾನೊಗೆ ಜಿನ್ ಇಲ್ಲ. ಉಳಿದೆರಡರ ಮೇಲೆ ಸೋಡಾ. ಸ್ಪ್ರಿಟ್ಜ್‌ಗೆ ಮೂರು ಪಾಲು ಪ್ರೊಸೆಕ್ಕೊ ಎಂಬ ನೊರೆಯುವ ವೈನ್, ಎರಡು ಪಾಲು ಅಪೆರೋಲ್, ಒಂದು ಪಾಲು ಸೋಡಾ. ಲೋಟದ ತುಂಬ ಮಂಜುಗಡ್ಡೆ, ನಿಧಾನವಾಗಿ ತಿರುವುವ ಚಮಚ, ಕೊನೆಗೊಂದು ಕಿತ್ತಳೆಯ ಸೀಳು. ಕೈ ತಪ್ಪಿ ಒಂದು ಪಾಲು ಹೆಚ್ಚಾದರೆ ಪೇಯ ಕೆಡುತ್ತದೆ. ಅದು ನಾಲಿಗೆಗೆ ಕೂಡಲೇ ತಿಳಿಯುತ್ತದೆ. ಓದಿ ಕಲಿಯಲಾಗದ ಪಾಠವೆಂದರೆ ಇದೇ. ಜೊತೆಗೆ ಕೆಲವು ಬರೆಯದ ನಿಯಮಗಳಿವೆ. ಪೇಯವನ್ನು ಕುಳಿತು ಸೇವಿಸಬೇಕು, ನಾಲ್ಕು ಜನರೊಡನೆ ಸೇವಿಸಬೇಕು, ಪಕ್ಕದಲ್ಲಿ ಉಪ್ಪು-ಖಾರದ ತಿನಿಸು ಇರಬೇಕು, ಮುಗಿದ ಮೇಲೆ ಊಟಕ್ಕೆ ಏಳಬೇಕು. ಕಹಿಯಾದ ಪೇಯವನ್ನು ಯಾರೂ ಗಟಗಟನೆ ಇಳಿಸಲಾರರು. ಕಹಿಯೇ ಅಲ್ಲಿ ಕಾವಲುಗಾರ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಮೇಲಿನ ಅಳತೆಯ ಒಂದು ಅಮೆರಿಕಾನೊದಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 90 ಮಿಲಿಲೀಟರ್ ಪ್ರೊಸೆಕ್ಕೊ ಹಾಕಿದ ಸ್ಪ್ರಿಟ್ಜ್‌ನಲ್ಲಿ ಸುಮಾರು 13 ಗ್ರಾಂ. ನೆಗ್ರೋನಿ ಹಗುರವಾದದ್ದೇನಲ್ಲ, ಅದರಲ್ಲಿ 19 ಗ್ರಾಂ ಆದೀತು. ನಮ್ಮ ಮದ್ಯದಂಗಡಿಗಳಲ್ಲಿ ದೊರೆಯುವ ಶೇ 42.8 ಪ್ರಮಾಣದ ವಿಸ್ಕಿ ಅಥವಾ ಬ್ರಾಂಡಿಯ ಒಂದು ‘ಕ್ವಾರ್ಟರ್’, ಅಂದರೆ 180 ಮಿಲಿಲೀಟರ್‌ನಲ್ಲಿ, ಸುಮಾರು 60 ಗ್ರಾಂ. ಇಟಲಿಯ ಗುಮಾಸ್ತನೊಬ್ಬ ಒಂದು ತಾಸು ಕುಳಿತು ಕರಗಿಸುವ ಅಮೆರಿಕಾನೊದ ಆರರಷ್ಟನ್ನು ನಮ್ಮ ಕೂಲಿಕಾರನೊಬ್ಬ ಅಂಗಡಿಯ ಪಕ್ಕದಲ್ಲಿ ನಿಂತು, ಹತ್ತು ನಿಮಿಷದಲ್ಲಿ, ಖಾಲಿ ಹೊಟ್ಟೆಗೆ ಸುರಿದುಕೊಳ್ಳುತ್ತಾನೆ. ಇವನು ಅವನಿಗಿಂತ ಕೆಟ್ಟವನೆಂದು ಭಾವಿಸಲು ಕಾರಣವಿಲ್ಲ. ಇವನಿಗೆ ಸಿಕ್ಕ ಸಂಜೆಯೇ ಅಂಥದು. ದಿನವಿಡೀ ಗೋವಿನಜೋಳದ ಹೊಲದಲ್ಲಿ ದುಡಿದು ಪೇಟೆಗೆ ಬಂದವನಿಗೆ ಕೂರಲು ಒಂದು ಕಟ್ಟೆ, ಮಾತಿಗೆ ಒಂದು ಜಾಗ ಇಲ್ಲದಾಗಿ, ದೀಪ ಉರಿಯುವ ಬಾಗಿಲು ಮದ್ಯದಂಗಡಿಯದೊಂದೇ ಆಗಿಬಿಟ್ಟಿದೆ.

ಈ ಸ್ಥಿತಿಗೆ ಸರ್ಕಾರದ ನೀತಿಯ ಪಾಲೂ ದೊಡ್ಡದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹಳ್ಳಿಯ ಹೆಣ್ಣುಮಕ್ಕಳು ಅದನ್ನು ಸ್ವಾಗತಿಸಿದ್ದರು. ಆದರೆ ಸಾರಾಯಿ ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಕಾಗದದ ಪೊಟ್ಟಣ ಬಂದು ಕುಳಿತಿತು. ದಶಕಗಳ ಕಾಲ ನಮ್ಮ ಅಬಕಾರಿ ಸುಂಕ ಬಾಟಲಿಯ ಬೆಲೆಯ ಶ್ರೇಣಿಯನ್ನು ನೋಡಿತೇ ಹೊರತು, ಬಾಟಲಿಯೊಳಗಿನ ಆಲ್ಕೋಹಾಲಿನ ಪ್ರಮಾಣವನ್ನಲ್ಲ. ಅಗ್ಗವಾದದ್ದೇ ತೀಕ್ಷ್ಣವೂ ಆಗಿದ್ದರೆ ಬಡವನ ಕೈ ಎತ್ತ ಹೋಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. 2025-26ನೇ ಸಾಲಿನ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಗೊತ್ತುಪಡಿಸಿದ ಸಂಗ್ರಹದ ಗುರಿ 40,000 ಕೋಟಿ ರೂಪಾಯಿ. ಮದ್ಯಪಾನ ತಡೆಯಲು ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಸರ್ಕಾರಕ್ಕೆ ಸೂಚಿಸುತ್ತದೆ. ಅದೇ ಸರ್ಕಾರ ಮದ್ಯದ ಆದಾಯಕ್ಕೆ ವರ್ಷ ವರ್ಷ ಗುರಿ ಏರಿಸುತ್ತದೆ. ಈ ವೈರುಧ್ಯಕ್ಕೆ ಯಾವ ಪಕ್ಷವೂ ಹೊರತಲ್ಲ.

ಇದರ ವಿರುದ್ಧ ಜನರು ಸುಮ್ಮನಿರಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಇಳಕಲ್ಲಿನ ಮಹಾಂತ ಸ್ವಾಮೀಜಿಯವರು ಹಳ್ಳಿ ಹಳ್ಳಿ ತಿರುಗಿ, ತಮ್ಮ ಜೋಳಿಗೆಗೆ ದುಶ್ಚಟಗಳನ್ನೇ ಭಿಕ್ಷೆಯಾಗಿ ಹಾಕಿಸಿಕೊಂಡರು. ಅನೇಕ ಮನೆಗಳು ಅದರಿಂದ ಉಳಿದವು. ಆದರೂ ಒಂದು ಪ್ರಶ್ನೆ ಬಾಕಿ ಇದೆ. ಚಟವನ್ನು ಜೋಳಿಗೆಗೆ ಹಾಕಿ ಮನೆಗೆ ಮರಳಿದವನ ಮರುದಿನದ ಸಂಜೆ ಆರರಿಂದ ಎಂಟರವರೆಗಿನ ಹೊತ್ತನ್ನು ತುಂಬುವುದು ಯಾವುದು? ಬಿಟ್ಟವರನ್ನು ಮತ್ತೆ ಎಳೆದೊಯ್ಯುವುದು ಆ ಖಾಲಿ ಹೊತ್ತೇ. ನಿಷೇಧದ ಪರ ವಾದಿಸುವವರೂ ಆದಾಯದ ಪರ ವಾದಿಸುವವರೂ ಈ ಎರಡು ಗಂಟೆಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇಟಲಿಯ ರೂಢಿಯನ್ನು ಹೊಗಳುವುದರಲ್ಲಿ ಅಪಾಯವಿದೆಯೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಮದ್ಯ ಎಷ್ಟೇ ಅಲ್ಪವಾದರೂ ಆರೋಗ್ಯಕ್ಕೆ ಸುರಕ್ಷಿತವೆಂದು ಹೇಳಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಚೆಂದದ ಲೋಟ, ಕಿತ್ತಳೆಯ ಸೀಳು ಇವು ಆಲ್ಕೋಹಾಲಿನ ಗುಣವನ್ನು ಬದಲಿಸುವುದಿಲ್ಲ. ಕುಡುಕ ಗಂಡನಿಂದ ಪೆಟ್ಟು ತಿಂದ ಹಿರೇಕೆರೂರಿನ ಹೆಣ್ಣುಮಗಳಿಗೆ ಹದವಾಗಿ ಕುಡಿಯುವ ಕಲೆಯ ಬಗ್ಗೆ ಉಪದೇಶ ಮಾಡುವುದು ಕ್ರೌರ್ಯವಾದೀತು. ನಮ್ಮ ನಗರಗಳು ಅನುಕರಿಸುತ್ತಿರುವುದೂ ಪೇಯದ ಬಣ್ಣವನ್ನು ಮತ್ತು ಬೆಲೆಯನ್ನು, ಮಿತಿಯನ್ನಲ್ಲ. ಹಾಗಿದ್ದರೆ ಆ ತರಗತಿಯಿಂದ ನಾವು ತೆಗೆದುಕೊಳ್ಳಬೇಕಾದದ್ದು ಏನು?

ಇದಕ್ಕೆ ಉತ್ತರ ಇಟಲಿಯಲ್ಲಿಯೇ ಇದೆ. 1965ರಿಂದ ಅಲ್ಲಿ ಕ್ರೊಡಿನೊ ಎಂಬ ಅಪೆರಿಟಿವೊ ಮಾರಾಟವಾಗುತ್ತಿದೆ. ಅದರಲ್ಲಿ ಆಲ್ಕೋಹಾಲ್ ಇಲ್ಲ. ಗಿಡಮೂಲಿಕೆಗಳ ಕಹಿ, ತುಸು ಸಿಹಿ, ಸೋಡಾದ ಚುರುಕು ಅಷ್ಟೇ. ಕಿನೊಟ್ಟೊ ಎಂಬ ಕಹಿ ಕಿತ್ತಳೆಯ ಪಾನೀಯವೂ ಅಂಥದೇ. ಇವನ್ನು ಹಿಡಿದು ಕುಳಿತವನನ್ನು ಅಲ್ಲಿ ಯಾರೂ ಕಡಿಮೆಯಾಗಿ ಕಾಣುವುದಿಲ್ಲ. ಅದೇ ಮೇಜು, ಅದೇ ತಿನಿಸು, ಅದೇ ಹರಟೆ. ಸಂಜೆಯ ಆ ಪದ್ಧತಿಯಿಂದ ಮದ್ಯವನ್ನು ತೆಗೆದರೂ ಪದ್ಧತಿ ನಿಲ್ಲುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಂಥ ಪದ್ಧತಿಗೆ ಬೇಕಾದ ಸಾಮಗ್ರಿ ಈ ನಾಲ್ಕು ತಾಲ್ಲೂಕುಗಳಲ್ಲಿ ಹೇರಳವಾಗಿದೆ. ಹಾನಗಲ್ಲ ಆಪೂಸ್ ಮಾವಿನ ಸೀಮೆ. ಮಳೆಗಾಳಿಗೆ ಉದುರಿದ ಕಾಯಿಗೆ ಬೆಲೆ ಸಿಗುವುದಿಲ್ಲ; ಆದರೆ ಪಾನಕಕ್ಕೆ ಬೇಕಾದದ್ದು ಆ ಹುಳಿಕಾಯಿಯೇ. ಪಕ್ಕದ ಶಿರಸಿ ಕಡೆಯಿಂದ ಮುರುಗಲು ಬರುತ್ತದೆ. ಊಟಕ್ಕೆ ಮುನ್ನ ಉಪ್ಪು ಹಚ್ಚಿದ ಶುಂಠಿಯ ಚೂರು ತಿನ್ನುವ ರೂಢಿ ನಮ್ಮಲ್ಲಿ ಹಳೆಯದು. ಅಪೆರೋಲ್‌ಗೆ ಹಾಕುವ ಜೆನ್ಷಿಯನ್ ಬೇರಿನ ಬಂಧುವಾದ ಕಿರಾತಕಡ್ಡಿ ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಯುಗಾದಿಯ ದಿನ ಬೇವು-ಬೆಲ್ಲ ತಿನ್ನುವ ನಾಲಿಗೆಗೆ ಕಹಿ ಅಪರಿಚಿತವೇನಲ್ಲ. ತಿನಿಸಿನ ಮಾತಂತೂ ಕೇಳುವುದೇ ಬೇಡ. ಸವಣೂರಿನ ಖಾರ, ಬಿಸಿ ಮಿರ್ಚಿ, ಗಿರ್ಮಿಟ್ಟುಗಳ ಮುಂದೆ ಮಿಲಾನಿನ ಆಲಿವ್ ಕಾಯಿ ಏನೇನೂ ಅಲ್ಲ. ಊಟವಾದ ಮೇಲೆ ಮೆಲ್ಲಲು ಸವಣೂರಿನದೇ ಎಳೆ ವೀಳ್ಯದೆಲೆ ಇದೆ. ಊಟವನ್ನು ಮುಗಿಸುವ ಸಂಸ್ಕಾರ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಊಟವನ್ನು ತೆರೆಯುವ ಸಂಸ್ಕಾರ ಮಾತ್ರ ಸಡಿಲಗೊಂಡಿದೆ.

ಸಾಮಗ್ರಿ ಇದ್ದರೆ ಸಾಲದು, ಅದನ್ನು ಹದಗೊಳಿಸುವ ವಿದ್ಯೆ ಬೇಕು. ಮಹಾನಗರದ ತರಗತಿಯ ಮಾದರಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಹಾವೇರಿ ಬಳಿಯ ದೇವಿಹೊಸೂರಿನಲ್ಲಿ ತೋಟಗಾರಿಕಾ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನ ಕಾಲೇಜಿದೆ. ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಮನೆಮನೆಯ ಪಾನಕ, ಕಷಾಯ, ತಂಬುಳಿಗಳ ತಿಳಿವಳಿಕೆಯನ್ನು ಮೂರನೆಯದು ಸಂಗ್ರಹಿಸಲಿ. ಯಾವ ಕಹಿಮೂಲಿಕೆಯನ್ನು ಎಷ್ಟು ಬಳಸಿದರೆ ಸುರಕ್ಷಿತ, ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದನ್ನು ಮೊದಲನೆಯದು ಪರೀಕ್ಷಿಸಲಿ. ಮೂಲಿಕೆಯೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಎರಡನೆಯದು ರೈತರನ್ನೂ ಸ್ವಸಹಾಯ ಸಂಘಗಳ ಮಹಿಳೆಯರನ್ನೂ ಕರೆದು, ಅಳತೆಯ ಬಟ್ಟಲನ್ನು ಕೈಗೆ ಕೊಟ್ಟು ಕಲಿಸಲಿ. ಭಾಷಣದಿಂದ ಕಲಿಯುವ ವಿದ್ಯೆ ಇದಲ್ಲ. ಹತ್ತು ಸಲ ಕೆಡಿಸಿ ಹನ್ನೊಂದನೆಯ ಸಲ ಹದ ಹಿಡಿಯುವವರೆಗೆ ಮಾಡಿಯೇ ಕಲಿಯಬೇಕು.

ಇದರಲ್ಲಿ ಜೀವನೋಪಾಯದ ಮಾತೂ ಇದೆ. ಈ ಭಾಗದ ಹುಡುಗರು ಬೆಂಗಳೂರು, ಗೋವೆಗಳ ಹೋಟೆಲುಗಳಿಗೆ ದುಡಿಯಲು ಹೋಗುತ್ತಾರೆ. ಮೇಜು ಒರೆಸುವವನ ಸಂಬಳಕ್ಕೂ ಪೇಯ ಹದಗೊಳಿಸುವವನ ಸಂಬಳಕ್ಕೂ ಇರುವ ಅಂತರ ಕೇವಲ ಕಲಿಕೆಯದು. ಮದ್ಯ ಬಡಿಸುವ ಸ್ಥಳಗಳಲ್ಲಿ ಮಹಿಳೆಯರು ದುಡಿಯಬಾರದೆಂಬ ದೆಹಲಿಯ ಹಳೆಯ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2007ರಲ್ಲಿ ತಳ್ಳಿಹಾಕಿತು. ಈ ಕಸುಬನ್ನು ಕೀಳೆಂದು ಕಾಣುವ ಮನೋಭಾವ ಮಾತ್ರ ಕೋರ್ಟಿನ ಆದೇಶದಿಂದ ಹೋಗುವಂಥದಲ್ಲ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯ ಎದುರು ರಾಗಿಗೆ ಗೆಲುವು ತಂದುಕೊಟ್ಟರು. ಬಡವರ ಅನ್ನಕ್ಕೆ ಮಾನ ಕೊಟ್ಟ ಆ ಸೀಮೆ ದುಡಿಯುವ ಕೈಯ ವಿದ್ಯೆಗೂ ಮಾನ ಕೊಡಬಲ್ಲದು.

ಸರ್ಕಾರದಿಂದ ಆಗಬೇಕಾದ ಕೆಲಸ ಹೆಚ್ಚೇನಿಲ್ಲ. ಸುಂಕವನ್ನು ಆಲ್ಕೋಹಾಲಿನ ಪ್ರಮಾಣಕ್ಕೆ ಪೂರ್ತಿಯಾಗಿ ಹೊಂದಿಸಿ, ಅಗ್ಗದ ತೀಕ್ಷ್ಣ ಮದ್ಯಕ್ಕೆ ಇರುವ ಅನುಕೂಲವನ್ನು ತೆಗೆಯಲಿ. ತಾಲ್ಲೂಕಿನಿಂದ ಬರುವ ಅಬಕಾರಿ ಆದಾಯದ ಒಂದು ಸಣ್ಣ ಪಾಲನ್ನು ಅದೇ ತಾಲ್ಲೂಕಿನ ವ್ಯಸನಮುಕ್ತಿ ಚಿಕಿತ್ಸೆಗೂ, ಇಂಥ ತರಬೇತಿಗೂ ಮೀಸಲಿಡಲಿ. ಪೇಟೆಯ ನಡುವೆ ಒಂದು ಬೆಳಕಿರುವ ಕಟ್ಟೆ, ನಾಲ್ಕು ಬೆಂಚು, ಮಹಿಳೆಯರು ನಡೆಸುವ ಒಂದು ಪಾನೀಯದ ಅಂಗಡಿ. ಗಂಡಸರೂ ಹೆಂಗಸರೂ ಸಂಕೋಚವಿಲ್ಲದೆ ಕೂರಬಹುದಾದ ಜಾಗ. ಮದ್ಯದಂಗಡಿಗೆ ಪರವಾನಗಿ ಕೊಡುವಾಗ ಇರುವ ಉತ್ಸಾಹದ ಕಾಲುಭಾಗ ಇದಕ್ಕೆ ಸಾಕು.

ಇಟಲಿಯ ಪದ್ಧತಿ ನಮಗೇಕೆ ಎನ್ನುವವರು ಸವಣೂರಿನ ಕಲ್ಮಠದ ಆವರಣಕ್ಕೆ ಹೋಗಿ ನೋಡಬೇಕು. ಅಲ್ಲಿಯ ದೈತ್ಯ ಮರಗಳು ಆಫ್ರಿಕಾ ಮೂಲದವು. ಲೋಕ ಅವನ್ನು ಬಾವೊಬಾಬ್ ಎನ್ನುತ್ತದೆ. ಆಫ್ರಿಕಾದಲ್ಲಿ ಅದರ ಹಣ್ಣಿನ ಹುಳಿ ತಿರುಳಿನಿಂದ ಪಾನೀಯ ಮಾಡುತ್ತಾರೆ. ಸವಣೂರಿನವರು ಆ ಮರವನ್ನು ‘ದೊಡ್ಡಹುಣಸೆ’ ಎಂದು ಕರೆದು ತಮ್ಮದಾಗಿಸಿಕೊಂಡರು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿದಾಗ ಅದನ್ನು ಎತ್ತಿ ನಿಲ್ಲಿಸಿ ಮರಳಿ ನೆಟ್ಟರು. ಹೊರಗಿನಿಂದ ಬಂದುದನ್ನು ಆರಿಸಿ, ಹೆಸರಿಟ್ಟು, ನೀರೆರೆದು ಸಾಕುವುದು ಈ ನೆಲಕ್ಕೆ ಹೊಸದಲ್ಲ. ಅಳತೆಯ ಬಟ್ಟಲನ್ನೂ ಹಾಗೆಯೇ ಬರಮಾಡಿಕೊಳ್ಳೋಣ. ಅದರೊಳಗೆ ಏನನ್ನು ಸುರಿಯಬೇಕೆಂಬುದು ನಮ್ಮ ಕೈಯಲ್ಲಿದೆ.