ಹೆಸರೇ ಗೊತ್ತಿಲ್ಲದ ಕಂಪನಿ ಮಾತಾಡುವುದು ಯಾರೊಂದಿಗೆ?

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತು. ಹೆಚ್ಚಿನವು ಸಹಕಾರಿ ಬ್ಯಾಂಕುಗಳು, ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು. ಅವಕ್ಕೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರಾನ್ಸಮ್‌ವೇರ್ ದಾಳಿ ಆಗಿತ್ತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಆ ಕಂಪನಿಯನ್ನು ತನ್ನ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಮರುದಿನ ಸಂಪರ್ಕ ಮರಳಿತು. ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಜಂಟಿಯಾಗಿ ಕಟ್ಟಿದ ಕಂಪನಿ ಅದು. ಆದರೂ ತಾಲ್ಲೂಕು ಕೇಂದ್ರದ ಶಾಖೆಯಲ್ಲಿ ಸಾಲು ನಿಂತವರಿಗೆ ಅದರ ಹೆಸರು ಗೊತ್ತಿರಬೇಕಾದ ಕಾರಣವೇ ಇರಲಿಲ್ಲ. ಅವರಿಗೆ ಉತ್ತರ ಹೇಳಬೇಕಾದವರು ಕೌಂಟರಿನಲ್ಲಿ ಕೂತ ಗುಮಾಸ್ತರು.

ಆ ಸಲ ಒಂದೇ ದಿನದಲ್ಲಿ ಮುಗಿಯಿತು. ಮುಂದಿನ ಸಲ ಹಾಗೆ ಮುಗಿಯುತ್ತದೆಂದು ನಂಬಿ ಕೂರುವಂತಿಲ್ಲ. ನಮ್ಮ ಸಂಬಳ, ಆಸ್ಪತ್ರೆಯ ದಾಖಲೆ, ವಿಮೆ, ಬಸ್ ಟಿಕೆಟ್ ಎಲ್ಲದರ ಹಿಂದೆ ಈಗ ಬೇರೆ ಕಂಪನಿಗಳಿಗೆ ಮಾತ್ರ ಸೇವೆ ಮಾರುವ ಕಂಪನಿಗಳಿವೆ. ಅವುಗಳಲ್ಲಿ ಹಲವು ಬೆಂಗಳೂರಿನಲ್ಲೇ ಇವೆ. ಅವುಗಳ ಸಂವಹನ ವಿಭಾಗ ಕಟ್ಟಿರುವುದೇ ಕೊಳ್ಳುವವರಿಗಾಗಿ: ವಸ್ತುಪ್ರದರ್ಶನ, ಪ್ರಶಸ್ತಿ, ಶ್ವೇತಪತ್ರ, ವಿಶ್ಲೇಷಕರ ವರದಿ. ಸಹಿ ಹಾಕುವ ಅಧಿಕಾರಿಯನ್ನು ಒಪ್ಪಿಸಿದರೆ ಕೆಲಸ ಮುಗಿಯಿತು. ವ್ಯಾಪಾರಕ್ಕೆ ಅಷ್ಟು ಸಾಕು. ಅವಘಡದ ದಿನ ಮಾತ್ರ ಅದು ಯಾತಕ್ಕೂ ಬರುವುದಿಲ್ಲ.

ಸಿ-ಎಡ್ಜ್ ಘಟನೆಗೆ ಹನ್ನೆರಡು ದಿನ ಮೊದಲು, ಜುಲೈ 19ರಂದು, ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಅಪ್‌ಡೇಟ್ ಹಿಂತೆಗೆಯಲು ತಗುಲಿದ್ದು 78 ನಿಮಿಷ. ಆದರೆ ಅಷ್ಟರೊಳಗೆ ಕೆಟ್ಟ ಯಂತ್ರಗಳನ್ನು ಸರಿಪಡಿಸಲು ದಿನಗಳೇ ಹಿಡಿದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಂಪನಿಯ ಮುಖ್ಯಸ್ಥರ ಮೊದಲ ಹೇಳಿಕೆಯಲ್ಲಿ ಇದು ಸೈಬರ್ ದಾಳಿಯಲ್ಲ ಎಂಬ ಸ್ಪಷ್ಟನೆ ಇತ್ತು, ಸಪೋರ್ಟ್ ಪೋರ್ಟಲ್ ನೋಡಿ ಎಂದು ಗ್ರಾಹಕರಿಗೆ ಸೂಚನೆ ಇತ್ತು, ಕ್ಷಮೆ ಇರಲಿಲ್ಲ. ಕ್ಷಮೆ ಆಮೇಲೆ ಟಿವಿ ಸಂದರ್ಶನದಲ್ಲಿ ಬಂತು. ಅವರ ಗ್ರಾಹಕರು ಕಂಪನಿಗಳು, ಆದ್ದರಿಂದ ಕಂಪನಿಗಳಿಗೆ ಹೇಳಿದರು. ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತ ಪ್ರಯಾಣಿಕರಿಗೆ ಯಾವ ಪೋರ್ಟಲ್ ಇದೆ?

ಇನ್ನೊಂದು ರೂಢಿ ಇದಕ್ಕಿಂತ ಅಪಾಯಕಾರಿ: ಮೊದಲು ಸಣ್ಣ ಸಂಖ್ಯೆ ಹೇಳುವುದು. ಲಾಗಿನ್ ಸೇವೆ ಮಾರುವ ಓಕ್ಟಾಗೆ 2023ರ ಅಕ್ಟೋಬರ್ 2ರಂದೇ ಕಳ್ಳರ ಒಳನುಸುಳುವಿಕೆಯ ಬಗ್ಗೆ ಅದರ ಗ್ರಾಹಕ ಬಿಯಾಂಡ್‌ಟ್ರಸ್ಟ್ ಎಚ್ಚರಿಕೆ ಕೊಟ್ಟಿತ್ತು. ಓಕ್ಟಾ ಬಹಿರಂಗವಾಗಿ ಒಪ್ಪಿದ್ದು 20ರಂದು. ಆಮೇಲೆ, ತೊಂದರೆ ಆದದ್ದು 134 ಗ್ರಾಹಕರಿಗೆ, ಅಂದರೆ ಶೇ 1ಕ್ಕೂ ಕಡಿಮೆ, ಎಂದಿತು. ನವೆಂಬರ್ ಕೊನೆಗೆ ಮಾತು ಬದಲಾಯಿತು: ಅದರ ಸಪೋರ್ಟ್ ವ್ಯವಸ್ಥೆ ಬಳಸುತ್ತಿದ್ದ ಎಲ್ಲರ ಹೆಸರು, ಇಮೇಲ್ ಕಳವಾಗಿದ್ದವು. ಮೊದಲ ತನಿಖೆಯಲ್ಲಿ ತೆಗೆದ ವರದಿಗಿಂತ ಕಳ್ಳರು ಇಳಿಸಿಕೊಂಡ ಕಡತ ದೊಡ್ಡದಿತ್ತು ಎಂಬುದು ತಡವಾಗಿ ಕಣ್ಣಿಗೆ ಬಿದ್ದಿತ್ತು. ಇದರಲ್ಲಿ ಸುಳ್ಳು ಹೇಳುವ ಉದ್ದೇಶ ಹುಡುಕಬೇಕಿಲ್ಲ. ಪೂರ್ತಿ ತಿಳಿಯುವ ಮೊದಲೇ ಶೇಕಡಾವಾರು ಹೇಳುವ ಆತುರವೇ ಸಾಕು, ಆಮೇಲಿನ ನಿಜವನ್ನೂ ಯಾರೂ ನಂಬದಂತೆ ಮಾಡಲು.

ನಮ್ಮೂರಿನ ಉದಾಹರಣೆಯೂ ಇದೆ. ಇನ್ಫೊಸಿಸ್‌ನ ಅಮೆರಿಕದ ಅಂಗಸಂಸ್ಥೆ ಮೆಕಾಮಿಶ್ ಮೇಲೆ ದಾಳಿಯಾದಾಗ, 2023ರ ನವೆಂಬರ್ 3ರಂದೇ ಷೇರುಪೇಟೆಗೆ ಮಾಹಿತಿ ಹೋಯಿತು. ಬ್ಯಾಂಕ್ ಆಫ್ ಅಮೆರಿಕಾದ 57,028 ಗ್ರಾಹಕರಿಗೆ ಪತ್ರ ಹೋದದ್ದು 2024ರ ಫೆಬ್ರುವರಿಯಲ್ಲಿ. ಮಾಹಿತಿ ಸೋರಿದವರ ಒಟ್ಟು ಸಂಖ್ಯೆ ಸುಮಾರು 65 ಲಕ್ಷ ಎಂಬುದು ಇನ್ನೂ ತಡವಾಗಿ ಹೊರಬಂತು. ತನಿಖೆಗೆ ಸಮಯ ಬೇಕು, ನಿಜ. ಆದರೆ ಹೂಡಿಕೆದಾರರಿಗೆ ದಿನಗಳಲ್ಲಿ, ಮಾಹಿತಿ ಕಳೆದುಕೊಂಡವರಿಗೆ ತಿಂಗಳುಗಳಲ್ಲಿ ಎಂಬ ಈ ಕ್ರಮವನ್ನು ಸಹಜವೆಂದು ಒಪ್ಪಿಕೊಂಡುಬಿಡಬಾರದು.

ನಮ್ಮ ನಿಯಮಗಳೂ ಇದೇ ಕ್ರಮವನ್ನು ಗಟ್ಟಿ ಮಾಡುತ್ತಿವೆ. ದಾಳಿಯಾದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ವರದಿ ಹೋಗಬೇಕು. ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿ ತನ್ನೊಳಗಿನ ಮಹತ್ವದ ಘಟನೆಯನ್ನು 12 ಗಂಟೆಯೊಳಗೆ ಷೇರುಪೇಟೆಗೆ ತಿಳಿಸಬೇಕೆಂಬುದು ಸೆಬಿ ನಿಯಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸೋರಿಕೆಯಾದರೆ ಜನರಿಗೂ ತಿಳಿಸಬೇಕೆನ್ನುತ್ತದೆ; ಆದರೆ ಆ ಹೊಣೆ ದತ್ತಾಂಶ ಸಂಗ್ರಹಿಸಿದ ಬ್ಯಾಂಕಿನದು, ಆಸ್ಪತ್ರೆಯದು. ಅವರ ಪರವಾಗಿ ದತ್ತಾಂಶ ಸಂಸ್ಕರಿಸುವ ಕಂಪನಿಯನ್ನು ಹಿಡಿದಿಡುವುದು ಒಪ್ಪಂದ ಮಾತ್ರ. ಗೌಪ್ಯತೆಯ ಷರತ್ತುಗಳು ತುಂಬಿರುವ ಆ ಒಪ್ಪಂದದಲ್ಲಿ ಅವಘಡದ ದಿನ ಯಾರು, ಯಾರಿಗೆ, ಎಷ್ಟು ಹೊತ್ತಿನೊಳಗೆ ಹೇಳಬೇಕೆಂಬ ಸಾಲು ಇರದಿದ್ದರೆ, ಗುಮಾಸ್ತರಿಗೂ ಸುದ್ದಿ ಸಿಗುವುದು ಟಿವಿಯಿಂದಲೇ. ಅಷ್ಟರಲ್ಲಿ ವಾಟ್ಸ್ಆ್ಯಪ್‌ನಲ್ಲಿ ಬ್ಯಾಂಕ್ ಮುಳುಗಿತೆಂಬ ವದಂತಿ ಹಬ್ಬಿರುತ್ತದೆ. ಸಣ್ಣ ಸಹಕಾರಿ ಬ್ಯಾಂಕಿಗೆ ದಾಳಿಗಿಂತ ಆ ವದಂತಿಯೇ ಮಾರಕ. ಠೇವಣಿದಾರರು ಒಮ್ಮೆ ಬಾಗಿಲಿಗೆ ಬಂದು ನಿಂತರೆ ತಾಂತ್ರಿಕ ವಿವರಣೆ ಕೇಳುವ ಸಹನೆ ಯಾರಿಗೂ ಉಳಿದಿರುವುದಿಲ್ಲ.

ಹೀಗಾಗಿ ಸಂವಹನ ವಿಭಾಗದವರನ್ನು ವಕೀಲರು ಪ್ರಕಟಣೆ ತಿದ್ದಿ ಮುಗಿಸಿದ ಮೇಲೆ ಕರೆಯುವ ಪದ್ಧತಿ ನಿಲ್ಲಬೇಕು. ಮೊದಲ ಗಂಟೆಯಿಂದಲೇ ಅವರು ಎಂಜಿನಿಯರುಗಳ ಜೊತೆ ಕೂತಿರಬೇಕು. ಏನು ಗೊತ್ತು, ಏನು ಇನ್ನೂ ಗೊತ್ತಿಲ್ಲ, ಮುಂದಿನ ಮಾಹಿತಿ ಎಷ್ಟು ಗಂಟೆಗೆ ಎಂಬ ಮೂರು ವಾಕ್ಯಗಳ ಕರಡು ಕನ್ನಡದಲ್ಲಿ ಮೊದಲೇ ಸಿದ್ಧವಿದ್ದು, ಶಾಖೆಯ ಬಾಗಿಲಿಗೆ ಅಂಟಿಸುವಂತಿರಬೇಕು. ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ನಡೆಸುವ ಕಂಪನಿಗಳು ಅದರಲ್ಲಿ ಮುಖ್ಯ ಕಚೇರಿಯವರನ್ನಷ್ಟೇ ಅಲ್ಲ, ಒಂದಾದರೂ ದೂರದ ಶಾಖೆಯನ್ನು ಸೇರಿಸಿಕೊಳ್ಳಲಿ. ಇದನ್ನು ಕೇಳಿ ಪಡೆಯುವ ಶಕ್ತಿ ಕೊಳ್ಳುವವರ ಕೈಯಲ್ಲಿದೆ. ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಗಳು, ಆಸ್ಪತ್ರೆಗಳು, ಸಾರಿಗೆ ನಿಗಮಗಳು ಮುಂದಿನ ಒಪ್ಪಂದ ನವೀಕರಿಸುವಾಗ ದರದ ಚರ್ಚೆಗೆ ಮುಂಚೆ ಆ ಮೂರು ವಾಕ್ಯಗಳ ಕರಡನ್ನು ಮೇಜಿನ ಮೇಲೆ ಇಡಿ ಎನ್ನಲಿ. ಇಡಲಾಗದ ಕಂಪನಿಯ ಕಡತವನ್ನು ಹಿಂದಕ್ಕೆ ಕಳಿಸಲಿ.