ಮುಸ್ಸಂಜೆಯ ರಸ್ತೆಗೆ ಬರಲಿ ಟೆಸ್ಟ್ ಡ್ರೈವ್

ವಿದ್ಯುತ್ ಎಸ್‌ಯುವಿ ಕೊಳ್ಳಲು ಹೊರಟವರು ಮೊದಲು ಕೇಳುವುದು, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು. ಬೀದರ್‌ನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್, ಕಲಬುರಗಿಗೆ ಅದಕ್ಕಿಂತ ಕಡಿಮೆ. ಈಗಿನ ಬ್ಯಾಟರಿಗಳಿಗೆ ಈ ದೂರ ಹೆಚ್ಚೇನಲ್ಲ. ಹೋಗಿ ಬರುವ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಹಾಕಬಹುದು. ಅದೇ ಗಾಡಿಯಲ್ಲಿ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಪಡೆಯುವ ಇನ್ನೊಂದು ಸಂಗತಿಯನ್ನು ಮಾತ್ರ ನಾವು ಅಷ್ಟು ಬಿಗಿಯಾಗಿ ಪರೀಕ್ಷಿಸುವುದಿಲ್ಲ. ತಾನೇ ಬ್ರೇಕ್ ಹಾಕುವ, ತಾನೇ ಲೇನ್ ಹಿಡಿದು ಸಾಗುವ, ತಾನೇ ಪಾರ್ಕ್ ಆಗುವ ಚಾಲಕ ನೆರವಿನ ವ್ಯವಸ್ಥೆ ಅದು; ಷೋರೂಮಿನವರ ಬಾಯಲ್ಲಿ ಅಡಾಸ್. ಹಾಡಹಗಲಲ್ಲಿ, ನುಣುಪಾದ ಹೆದ್ದಾರಿಯ ಮೇಲೆ ಸ್ವಲ್ಪ ಹೊತ್ತು ಓಡಿಸಿ ನೋಡಿದರೆ ಇದರ ನಿಜವಾದ ಬೆಲೆ ತಿಳಿಯುವುದಿಲ್ಲ. ಗಾಡಿ ಮುಂದೆ ದಿನಾ ಓಡಾಡಲಿರುವ ರಸ್ತೆಯಲ್ಲಿ, ಕತ್ತಲಾಗುವ ಹೊತ್ತಿನಲ್ಲಿ ಟೆಸ್ಟ್ ಡ್ರೈವ್ ನಡೆಯಬೇಕು. ಆ ಪರೀಕ್ಷೆಯಲ್ಲಿ, ಚಾಲಕನ ನೋಟವನ್ನು ಹೆಚ್ಚಿಸುವ ಸೌಲಭ್ಯಕ್ಕೆ ಮೊದಲ ಮಣೆ ಹಾಕಿ, ಅವನ ಕೈಯಿಂದ ಸ್ಟೀರಿಂಗ್ ತೆಗೆದುಕೊಳ್ಳುವ ಸೌಲಭ್ಯವನ್ನು ಕೊನೆಗಿಡಬೇಕು. ಬೀದರ್ ನಗರ, ಅಷ್ಟೂರ, ಭಾಲ್ಕಿ, ಔರಾದ ಕಡೆಯ ರಸ್ತೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಮಾತಿಗೆ ಕಾರಣ ಸ್ಪಷ್ಟವಾಗುತ್ತದೆ.

2024ರ ನವೆಂಬರಿನಲ್ಲಿ ಮಹೀಂದ್ರದ ಬಿಇ 6 ಮತ್ತು ಎಕ್ಸ್‌ಇವಿ 9ಇ ಬಂದವು. 2025ರ ಜನವರಿಯಲ್ಲಿ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಜೂನಿನಲ್ಲಿ ಟಾಟಾ ಹ್ಯಾರಿಯರ್ ಇವಿ ಬಂದವು. ನಾಲ್ಕರಲ್ಲೂ ಅಡಾಸ್ ಸಿಗುತ್ತದೆ, ಆದರೆ ಎಲ್ಲ ಮಾದರಿಗಳಲ್ಲಲ್ಲ. 2025ರ ಆರಂಭದಲ್ಲಿ ಬಿಇ 6ರ ಷೋರೂಮ್ ಬೆಲೆ 18.90 ಲಕ್ಷದಿಂದ 26.90 ಲಕ್ಷ ರೂಪಾಯಿವರೆಗೆ ಇತ್ತು. ಈ ಎಂಟು ಲಕ್ಷದ ಅಂತರದಲ್ಲಿ ದೊಡ್ಡ ಬ್ಯಾಟರಿಯ ಪಾಲೂ ಇದೆ. ಆದರೆ ಹಲವು ರೇಡಾರ್‌ಗಳು, ತಾನೇ ಪಾರ್ಕ್ ಮಾಡಿಕೊಳ್ಳುವ ಸೌಲಭ್ಯ ಬೇಕೆಂದರೆ ಮೇಲಿನ ಪ್ಯಾಕನ್ನೇ ಕೊಳ್ಳಬೇಕು. ಹ್ಯಾರಿಯರ್ ಇವಿಯ ಮೇಲಿನ ಮಾದರಿಯನ್ನು ಒಳಗೆ ಯಾರೂ ಇಲ್ಲದೆ, ಹೊರಗೆ ನಿಂತು ಕೀಲಿಯ ಬಟನ್ ಒತ್ತಿ ಹಿಂದೆ ಮುಂದೆ ಸರಿಸಬಹುದು. ಗಾಡಿಯ ಅಡಿಯ ನೆಲವನ್ನೂ ಅದರ ಪರದೆ ತೋರಿಸುತ್ತದೆ. ಇವೆಲ್ಲ ಎರಡನೇ ಹಂತದ ನೆರವಿನ ಗಾಡಿಗಳು. ಗಾಡಿ ಸ್ಟೀರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ, ಪ್ರತಿ ಕ್ಷಣ ರಸ್ತೆಯ ಮೇಲೆ ಕಣ್ಣಿಡುವ ಹೊಣೆ ಚಾಲಕನದೇ. ಗಾಡಿ ತಪ್ಪಿದರೆ ತಿದ್ದಬೇಕಾದವನೂ ಅವನೇ. ಹಾಗಿರುವಾಗ ಅದು ಎಲ್ಲೆಲ್ಲಿ ತಪ್ಪುತ್ತದೆ ಎಂಬುದು ಕೊಳ್ಳುವ ಮುಂಚೆಯೇ ಗೊತ್ತಿರಬೇಕು.

ಗಾಡಿ ಹೇಗೆ ನೋಡುತ್ತದೆ ಎಂದು ತಿಳಿದರೆ ಅದು ತಪ್ಪುವ ಜಾಗಗಳೂ ತಿಳಿಯುತ್ತವೆ. ಮುಂದಿನ ಗಾಜಿನ ಹಿಂದೆ ಕೂತ ಕ್ಯಾಮೆರಾ ರಸ್ತೆಯ ಬಿಳಿ ಗೆರೆಯನ್ನು ಓದುತ್ತದೆ. ಮುಂದೆ ಇರುವುದು ಕಾರೋ ಬೈಕೋ ಮನುಷ್ಯನೋ ಎಂದು ಆಕಾರದಿಂದ ಗುರುತಿಸುತ್ತದೆ. ರೇಡಾರ್ ದೂರ ಮತ್ತು ವೇಗವನ್ನು ಅಳೆಯುತ್ತದೆ. ಬಂಪರಿನ ಸಣ್ಣ ಸೆನ್ಸರ್‌ಗಳು ಶಬ್ದದ ಅಲೆಗಳನ್ನು ಹೊರಡಿಸಿ ಹತ್ತಿರದ ಅಡ್ಡಿಯನ್ನು ಪತ್ತೆ ಹಚ್ಚುತ್ತವೆ. ಈ ಏರ್ಪಾಡು ಮೊದಲು ಪಳಗಿದ್ದು ಗೆರೆ ಎಳೆದ, ಎಲ್ಲರೂ ಒಂದೇ ದಿಕ್ಕಿಗೆ ಸಾಗುವ ಹೆದ್ದಾರಿಗಳಲ್ಲಿ. ಹೈದರಾಬಾದ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಬಹುದು. ಆದರೆ ಬೀದರ್‌ನಿಂದ ಸುಮಾರು ಮೂರು ಕಿಲೋಮೀಟರ್ ದೂರದ ಅಷ್ಟೂರಕ್ಕೆ, ಚೌಖಂಡಿ ಸಮಾಧಿಯನ್ನು ದಾಟಿ ಬಹಮನಿ ಸುಲ್ತಾನರ ಗುಂಬಜ್‌ಗಳತ್ತ ಹೋಗುವಂಥ ಊರ ರಸ್ತೆ ಬೇರೆ. ಇಂಥ ರಸ್ತೆಯಲ್ಲಿ ಓದಲು ಗೆರೆಯೇ ಇರುವುದಿಲ್ಲ, ಇದ್ದರೂ ಅಂಚು ಮಣ್ಣಲ್ಲಿ ಕರಗಿರುತ್ತದೆ. ಎದುರಿನ ಬೈಕು ನಮ್ಮ ಬದಿಗೇ ಬರುತ್ತದೆ, ಎಮ್ಮೆಗಳು ರಸ್ತೆ ದಾಟುತ್ತವೆ. ರಾಶಿಯ ಹಂಗಾಮಿನಲ್ಲಿ ಔರಾದ ಕಡೆ ಸೋಯಾ, ಉದ್ದು, ತೊಗರಿ ಡಾಂಬರಿನ ಮೇಲೆಯೇ ಹರಡಿಕೊಂಡಿರುತ್ತವೆ. ತಗ್ಗು ತಪ್ಪಿಸಲು ಚಾಲಕ ಸ್ಟೀರಿಂಗನ್ನು ಬಲಕ್ಕೆ ಎಳೆದರೆ, ಎಲ್ಲೋ ಉಳಿದ ಅರ್ಧ ಗೆರೆಯನ್ನು ನಂಬಿದ ಗಾಡಿ ಎಡಕ್ಕೆ ಜಗ್ಗುತ್ತದೆ. ಮುಂದಿನ ವಾಹನಕ್ಕೂ ನಮಗೂ ನಡುವೆ, ವೇಗವನ್ನು ತಾನೇ ಹೊಂದಿಸುವ ಕ್ರೂಸ್ ಕಂಟ್ರೋಲ್ ಬಿಟ್ಟ ಜಾಗಕ್ಕೆ ಬೈಕು ನುಗ್ಗಿದರೆ ಗಾಡಿ ಥಟ್ಟನೆ ನಿಧಾನವಾಗುತ್ತದೆ. ಆಗ ಬೆನ್ನ ಹಿಂದೆಯೇ ಇರುವ ಟಂಟಂ ಚಾಲಕನಿಗೆ ಅದರ ಸುಳಿವೇ ಇರುವುದಿಲ್ಲ.

ಕತ್ತಲಾದ ಮೇಲೆ ಪ್ರಶ್ನೆ ಇನ್ನೂ ಗಂಭೀರ. ಭಾಲ್ಕಿ, ಹುಮನಾಬಾದ್, ಬೀದರ್ ಸುತ್ತ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡು ಡಬ್ಬಿ ಜೋಡಿಸಿದ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಓಡಾಡುತ್ತವೆ. ಡಬ್ಬಿಯ ಹಿಂದೆ ದೀಪವಿಲ್ಲ, ಪ್ರತಿಫಲಿಸುವ ಪಟ್ಟಿಯಿಲ್ಲ, ಕಬ್ಬಿನ ಜಲ್ಲೆಗಳು ಹೊರಚಾಚಿರುತ್ತವೆ. ಕೆಟ್ಟು ನಿಂತರೆ ರಸ್ತೆಯ ಮಧ್ಯದಲ್ಲೇ ನಿಲ್ಲುತ್ತವೆ. ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಅತ್ಯಂತ ಬೇಕಾದ ಜಾಗ ಇದು. ಅದನ್ನು ಕಣ್ಣುಮುಚ್ಚಿ ನಂಬಬಾರದ ಜಾಗವೂ ಇದೇ. ವಿಮಾ ಕಂಪನಿಗಳ ಹಣದಿಂದ ನಡೆಯುವ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2022ರಲ್ಲಿ ಪ್ರಕಟಿಸಿದ ಅಧ್ಯಯನ, ಪಾದಚಾರಿಗಳನ್ನು ಗುರುತಿಸಿ ಬ್ರೇಕ್ ಹಾಕುವ ವ್ಯವಸ್ಥೆಯಿಂದ ಅಂಥ ಅಪಘಾತಗಳು ಶೇ 27ರಷ್ಟು ಕಡಿಮೆಯಾದವು ಎಂದಿತು. ಅದೇ ಅಧ್ಯಯನದಲ್ಲಿ, ಬೀದಿದೀಪವಿಲ್ಲದ ಕತ್ತಲ ರಸ್ತೆಗಳಲ್ಲಿ ಮಾತ್ರ ಆ ವ್ಯವಸ್ಥೆ ಇದ್ದ ಗಾಡಿಗೂ ಇಲ್ಲದ ಗಾಡಿಗೂ ವ್ಯತ್ಯಾಸ ಕಾಣಲಿಲ್ಲ. ನಮ್ಮ ಹಳ್ಳಿಗಳ ನಡುವಿನ ರಸ್ತೆಗಳು ಬಹುಪಾಲು ಆ ಬಗೆಯವೇ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಶೇ 19ಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ದೊಡ್ಡ ಬ್ಯಾಟರಿ ಹೊತ್ತ ವಿದ್ಯುತ್ ಎಸ್‌ಯುವಿ ಸುಮಾರು ಎರಡು ಟನ್ ತೂಗುತ್ತದೆ, ಸದ್ದಿಲ್ಲದೆ ಕ್ಷಣದಲ್ಲಿ ವೇಗ ಪಡೆಯುತ್ತದೆ. ಅಂಥ ಗಾಡಿ ಕೊಳ್ಳುವವರು ಒಳಗೆ ಕೂತವರ ಸುರಕ್ಷತೆಯಷ್ಟೇ ಹೊರಗೆ ನಡೆಯುವವರ ಸುರಕ್ಷತೆಯನ್ನೂ ಯೋಚಿಸಬೇಕು.

ಪಾರ್ಕಿಂಗಿನ ಮಾತಿಗೆ ಬಂದರೆ, ನಗರದ ಮಾಲ್‌ಗಳಲ್ಲಿ ತಾನೇ ಪಾರ್ಕ್ ಆಗುವ ಗಾಡಿಗೆ ಗೆರೆ ಎಳೆದ ಚೌಕ ಸಿಗುತ್ತದೆ, ಅಥವಾ ಸಾಲಾಗಿ ನಿಂತ ಎರಡು ಕಾರುಗಳ ನಡುವಿನ ಸಂದಿ ಸಿಗುತ್ತದೆ. ಬೀದರ್‌ನ ಹಳೇ ಊರಿನಲ್ಲಿ, ಚೌಬಾರಾದಿಂದ ಮಹಮೂದ್ ಗವಾನನ ಮದರಸಾದ ಕಡೆಗೆ ಹೋಗುವ ಬೀದಿಯಲ್ಲಿ ನಾವು ಗಾಡಿ ನಿಲ್ಲಿಸುವ ಬಗೆ ಬೇರೆ: ಒಂದು ಕಡೆ ತಳ್ಳುಗಾಡಿ, ಇನ್ನೊಂದು ಕಡೆ ಓರೆಯಾಗಿ ನಿಂತ ಬೈಕುಗಳು, ಕೆಳಗೆ ತೆರೆದ ಚರಂಡಿ. ಅಷ್ಟೂರದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಸೇರುತ್ತಾರೆ. ಅಲ್ಲಿ ಗಾಡಿ ನಿಲ್ಲುವುದು ಹೊಲದ ಬಯಲಲ್ಲಿ, ಜನರ ನಡುವೆ. ಇಂಥಲ್ಲಿ ತಾನೇ ಪಾರ್ಕ್ ಆಗುವ ವ್ಯವಸ್ಥೆಗೆ ಜಾಗವನ್ನು ಗುರುತಿಸುವುದೇ ಕಷ್ಟ. ಬಂಪರಿನ ಸೆನ್ಸರ್ ಎದ್ದು ನಿಂತ ಅಡ್ಡಿಯನ್ನು ಹಿಡಿಯುತ್ತದೆ, ತಗ್ಗಿರುವ ಚರಂಡಿಯನ್ನು ಹಿಡಿಯುವುದಿಲ್ಲ. ಆದರೆ ಸುತ್ತಲಿನ ನಾಲ್ಕೂ ದಿಕ್ಕು ತೋರಿಸುವ ಕ್ಯಾಮೆರಾ, ಪಕ್ಕದ ಮರೆಯಲ್ಲಿ ಬರುವ ಬೈಕನ್ನು ತೋರಿಸುವ ಸೌಲಭ್ಯ, ಹಿಂದಕ್ಕೆ ತೆಗೆಯುವಾಗ ಅಡ್ಡ ಬರುವವರ ಬಗ್ಗೆ ಎಚ್ಚರಿಸುವ ಸೆನ್ಸರ್ ಇಲ್ಲಿ ದಿನಕ್ಕೆ ಹತ್ತು ಸಲ ಕೆಲಸಕ್ಕೆ ಬರುತ್ತವೆ. ಗಾಡಿಯ ಹಿಂದೆ ಕೂತ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ, ಕ್ಯಾಮೆರಾದಲ್ಲಿ ಕಾಣುತ್ತದೆ. ನೋಟ ಹೆಚ್ಚಿಸುವ ಸೌಲಭ್ಯಕ್ಕೆ ಗೆರೆ ಬೇಕಿಲ್ಲ, ಶಿಸ್ತಿನ ಸಾಲು ಬೇಕಿಲ್ಲ. ಅದು ತೋರಿಸುತ್ತದೆ, ತೀರ್ಮಾನ ಚಾಲಕನದು. ಅದಕ್ಕೇ ಅದಕ್ಕೆ ಮೊದಲ ಮಣೆ.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಬ್ರೇಕ್ ಬೀಳುತ್ತದೋ ಇಲ್ಲವೋ ಎಂದು ನೋಡಲು ಮನುಷ್ಯರತ್ತ, ದನಗಳತ್ತ ಗಾಡಿ ನುಗ್ಗಿಸುವ ಹುಚ್ಚು ಸಾಹಸಕ್ಕೆ ಯಾರೂ ಇಳಿಯಬಾರದು. ಅದಕ್ಕಿಂತ ಒಳ್ಳೆಯ ದಾರಿಯಿದೆ. ಗಾಡಿ ತನ್ನ ಸುತ್ತ ಏನನ್ನು ಗುರುತಿಸಿದೆ ಎಂಬುದನ್ನು ಈ ಎಸ್‌ಯುವಿಗಳಲ್ಲಿ ಹೆಚ್ಚಿನವು ಸ್ಟೀರಿಂಗಿನ ಹಿಂದಿನ ಪರದೆಯಲ್ಲಿ ಚಿತ್ರವಾಗಿ ತೋರಿಸುತ್ತವೆ. ಚಾಲಕ ತನ್ನ ಪಾಡಿಗೆ ಎಚ್ಚರದಿಂದ ಓಡಿಸಲಿ, ಮನೆಯವರೊಬ್ಬರು ಆ ಪರದೆಯನ್ನೇ ನೋಡುತ್ತಿರಲಿ. ಎದುರಿಗೆ ಎತ್ತಿನಗಾಡಿ ಇದ್ದಾಗ ಪರದೆಯಲ್ಲೂ ಏನಾದರೂ ಕಂಡಿತೇ? ಕಬ್ಬಿನ ಡಬ್ಬಿ ಎಷ್ಟು ದೂರದಲ್ಲಿ ಕಂಡಿತು? ಕಂಬಳಿ ಹೊದ್ದು ನಡೆಯುವ ಮನುಷ್ಯ ಕಂಡನೇ? ಹಗಲಲ್ಲಿ ಕಂಡದ್ದು ಮುಸ್ಸಂಜೆಯಲ್ಲೂ ಕಂಡಿತೇ? ಇದರ ಜೊತೆಗೆ, ಅಡ್ಡಿಯಿಲ್ಲದ ಕಡೆ ಗಾಡಿ ಸುಮ್ಮಸುಮ್ಮನೆ ಬ್ರೇಕ್ ಒತ್ತಿತೇ, ಸ್ಟೀರಿಂಗ್ ಜಗ್ಗಿದಾಗ ಚಾಲಕನ ಕೈಗೆ ಸುಲಭವಾಗಿ ಮಣಿಯಿತೇ, ಲೇನ್ ನೆರವನ್ನು ಆರಿಸಲು ಒಂದು ಬಟನ್ ಸಾಕೇ ಅಥವಾ ಪರದೆಯಲ್ಲಿ ಮೆನುವಿನ ಮೇಲೆ ಮೆನು ದಾಟಬೇಕೇ ಎಂದು ನೋಡಬೇಕು. ಕೊನೆಯದಾಗಿ, ಮನೆಯ ಓಣಿಯಲ್ಲಿ, ಮನೆಯ ಗೇಟಿನೊಳಗೆ ಗಾಡಿ ನಿಲ್ಲಿಸಿ ನೋಡಬೇಕು. ಎಕ್ಸ್‌ಇವಿ 9ಇ ಉದ್ದವೇ 4.7 ಮೀಟರಿಗಿಂತ ಹೆಚ್ಚು. ಓಣಿಯಲ್ಲಿ ತಿರುಗದ ಗಾಡಿಯನ್ನು ಯಾವ ಸೆನ್ಸರೂ ತಿರುಗಿಸಿಕೊಡುವುದಿಲ್ಲ.

ಒಮ್ಮೆಯಾದರೂ ಜೀವ ಉಳಿಸಿದರೆ ಸಾಲದೇ, ಎಲ್ಲ ಸೌಲಭ್ಯವನ್ನೂ ಕೊಂಡುಬಿಡುವುದೇ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ತಾನೇ ಬೀಳುವ ಬ್ರೇಕಿನ ಮಟ್ಟಿಗೆ ಅವರ ಮಾತು ಸರಿ. ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಅಪಘಾತಗಳು ಇದರಿಂದ ಅರ್ಧದಷ್ಟು ಇಳಿದಿವೆ ಎಂದು ಐಐಎಚ್‌ಎಸ್ ಅಧ್ಯಯನಗಳೇ ಹೇಳಿವೆ. ಹಾಗಾಗಿ ಆ ಬ್ರೇಕು ನೋಟದ ಸೌಲಭ್ಯಗಳ ನಂತರದ ಸ್ಥಾನದಲ್ಲಿ ಇರಲೇಬೇಕು. ಆದರೆ ಸ್ಟೀರಿಂಗನ್ನೇ ನಡೆಸುವ ವ್ಯವಸ್ಥೆಗಳ ವಿಷಯ ಹಾಗಲ್ಲ. ಚಾಲಕನನ್ನು ಎಚ್ಚರವಾಗಿಡುವ ಏರ್ಪಾಡು ಅವುಗಳಲ್ಲಿ ಎಷ್ಟಿದೆ ಎಂದು 2024ರಲ್ಲಿ ಅದೇ ಸಂಸ್ಥೆ ಪರೀಕ್ಷಿಸಿದಾಗ, 14 ವ್ಯವಸ್ಥೆಗಳಲ್ಲಿ 11 ಕಳಪೆ ಎನಿಸಿಕೊಂಡವು. ನೆರವು ಹೆಚ್ಚಾದಂತೆ ಚಾಲಕನ ಗಮನ ಸಡಿಲವಾಗುತ್ತದೆ. ಗಮನ ಸಡಿಲವಾದ ಗಳಿಗೆಯಲ್ಲೇ ದೀಪವಿಲ್ಲದ ಡಬ್ಬಿ ಎದುರಾದರೆ ಆ ನೆರವೇ ಅಪಾಯವಾಗುತ್ತದೆ. ಕತ್ತು ತಿರುಗಿಸಲು ಕಷ್ಟಪಡುವ ಹಿರಿಯರಿಗೆ, ಹೊಸದಾಗಿ ಕಲಿತವರಿಗೆ ತಾನೇ ಪಾರ್ಕ್ ಆಗುವ ಗಾಡಿ ವರವಲ್ಲವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಬಾಗಿಲು ತೆರೆಯಲೂ ಜಾಗವಿಲ್ಲದ ಕಡೆ ಹೊರಗೆ ನಿಂತು ಗಾಡಿ ಸರಿಸುವ ಅನುಕೂಲವೂ ನಿಜ. ಅಂಥವರು ಕೊಳ್ಳಲಿ. ಆದರೆ ತಾವು ದಿನಾ ನಿಲ್ಲಿಸುವ ಜಾಗದಲ್ಲೇ ಅದು ಕೆಲಸ ಮಾಡುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಹಣ ಕೊಡಲಿ.

ಟೆಸ್ಟ್ ಡ್ರೈವಿನ ಗಾಡಿಯನ್ನು ಕತ್ತಲಲ್ಲಿ ಹಳ್ಳಿ ರಸ್ತೆಗೆ ಕಳುಹಿಸಲು ಆಗದು ಎಂದು ಮಾರಾಟಗಾರರು ಹೇಳಬಹುದು. ಔರಾದವರೆಗೆ ಹೋಗಿ ಬರಬೇಕೆಂದೇನೂ ಇಲ್ಲ. ಊರ ಹೊರಗಿನ ನಾಲ್ಕೈದು ಕಿಲೋಮೀಟರ್ ಗೆರೆಯಿಲ್ಲದ ರಸ್ತೆ, ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆ, ಪಕ್ಕದಲ್ಲಿ ಅವರದೇ ಸಿಬ್ಬಂದಿ, ಇಷ್ಟು ಸಾಕು. ಇಪ್ಪತ್ತು ಲಕ್ಷ ಕೊಡುವ ಗಿರಾಕಿಗೆ ಇಷ್ಟನ್ನೂ ಕೊಡಲಾಗದು ಎನ್ನುವುದು ಸರಿಯಲ್ಲ. ಮುಂದೆ ಸಾಫ್ಟ್‌ವೇರ್ ಸುಧಾರಿಸುತ್ತದೆ ಎಂಬ ಭರವಸೆಯೂ ಕೇಳಿಬರುತ್ತದೆ. ಸುಧಾರಿಸಲಿ, ಆದರೆ ನಾವು ಹಣ ಕೊಡುವುದು ಇಂದಿನ ಗಾಡಿಗೆ. ಆ ಗಾಡಿಯ ನೆರವು ಎಷ್ಟು ಒಳ್ಳೆಯದೆಂದು ಸುರಕ್ಷತಾ ಸ್ಟಾರ್‌ಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ, ಕಾರುಗಳ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್‌ನ ಸ್ಟಾರ್‌ಗಳು ಮುಖ್ಯವಾಗಿ ಹೇಳುವುದು ಗುದ್ದಿದಾಗ ಒಳಗಿನವರು ಎಷ್ಟು ಸುರಕ್ಷಿತ ಎಂಬುದನ್ನು. ಯುರೋಪಿನ ಎನ್‌ಕ್ಯಾಪ್ 2020ರಿಂದಲೇ ಚಾಲನಾ ನೆರವಿಗೆ ಬೇರೆಯೇ ಶ್ರೇಣಿ ಕೊಡುತ್ತಿದೆ, ಚಾಲಕನ ಗಮನವನ್ನು ವ್ಯವಸ್ಥೆ ಹೇಗೆ ಕಾಯುತ್ತದೆ ಎಂಬುದನ್ನೂ ಅಳೆಯುತ್ತಿದೆ. ನಮ್ಮಲ್ಲೂ ಅಂಥ ಶ್ರೇಣಿ ಬರಬೇಕು. ಅದರಲ್ಲಿ ಗೆರೆಯಿಲ್ಲದ ರಸ್ತೆ, ಕತ್ತಲು, ಬೈಕು, ಟ್ರ್ಯಾಕ್ಟರ್ ಡಬ್ಬಿ ಇರಲೇಬೇಕು.

ಈ ಬೇಡಿಕೆ ಕಾರು ಕೊಳ್ಳುವವರ ಹಿತಕ್ಕಷ್ಟೇ ನಿಂತರೆ ಅರ್ಧ ಕೆಲಸ ಮಾಡಿದಂತೆ. ಹಲವು ರೇಡಾರ್‌ಗಳ ಗಾಡಿ ಕೊಳ್ಳಬಲ್ಲವರು ಜಿಲ್ಲೆಯಲ್ಲಿ ಕೆಲವರು. ದೀಪವಿಲ್ಲದ ಆ ಕಬ್ಬಿನ ಡಬ್ಬಿಯ ಹಿಂದೆಯೇ ರಾತ್ರಿ ಬೈಕಿನಲ್ಲಿ ಮನೆಗೆ ಮರಳುವವರು ಸಾವಿರಾರು ಮಂದಿ. ಟ್ರೇಲರಿನ ಹಿಂದೆ ದೀಪ, ಪ್ರತಿಫಲಕ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕಾರ್ಖಾನೆಯ ಗೇಟಿನಲ್ಲಿ ಪ್ರತಿ ಡಬ್ಬಿಯೂ ತೂಕಕ್ಕೆ ನಿಲ್ಲುತ್ತದೆ. ಕೆಂಪು ಪಟ್ಟಿ ಅಂಟಿಸದ ಡಬ್ಬಿಯನ್ನು ಅಲ್ಲೇ ತಡೆದು, ಪಟ್ಟಿ ಅಂಟಿಸಿ ಕಳುಹಿಸಿದರೆ ಕಾರ್ಖಾನೆಗಾಗಲಿ ರೈತರಿಗಾಗಲಿ ಹೊರೆಯಾಗುವ ಖರ್ಚಲ್ಲ. ಆ ಪಟ್ಟಿ ಎಸ್‌ಯುವಿಯ ಕ್ಯಾಮೆರಾಕ್ಕೂ ಕಾಣುತ್ತದೆ, ಬೈಕಿನ ಮಂದ ದೀಪದಲ್ಲೂ ಕಾಣುತ್ತದೆ. ದೊಡ್ಡ ಗಾಡಿ ಕೊಳ್ಳುವವರ ಮಾತಿಗೆ ಊರಿನಲ್ಲಿ ತೂಕವಿರುತ್ತದೆ. ಅವರು ಷೋರೂಮಿನಲ್ಲಿ ಮುಸ್ಸಂಜೆಯ ಟೆಸ್ಟ್ ಡ್ರೈವ್ ಕೇಳುವಷ್ಟೇ ಗಟ್ಟಿಯಾಗಿ, ಸಾರಿಗೆ ಇಲಾಖೆಯನ್ನೂ ಸಕ್ಕರೆ ಕಾರ್ಖಾನೆಗಳನ್ನೂ ಈ ಪಟ್ಟಿಗಾಗಿ ಈ ಹಂಗಾಮಿನಿಂದಲೇ ಒತ್ತಾಯಿಸಬೇಕು.